ಉಸಿರೇ ಅಸ್ತ್ರವಾದಾಗ

ವರ್ಷಕ್ಕೆ ಒಂದೇ ಸಲ ಉಸಿರು ಬಿಡುವ ರಾಕ್ಷಸನೊಬ್ಬನಿದ್ದ. ಹೆಸರು ಧುಂಧು. ಮರಳಿನಡಿ ಹುದುಗಿ ಮಲಗಿದ್ದ ಅವನು ಉಸಿರು ಬಿಟ್ಟನೆಂದರೆ ಏಳು ದಿನ ಭೂಮಿ ನಡುಗುತ್ತಿತ್ತು. ಎದ್ದ ಧೂಳು ಸೂರ್ಯನನ್ನೇ ಮುಚ್ಚುತ್ತಿತ್ತು. ಕಿಡಿ, ಜ್ವಾಲೆ, ಹೊಗೆ ಒಟ್ಟೊಟ್ಟಿಗೆ ಹೊರಡುತ್ತಿದ್ದವು. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಋಷಿ ಧರ್ಮರಾಯನಿಗೆ ಹೇಳುವ ಕಥೆ ಇದು. ಈ ಧುಂಧು ಮಧು-ಕೈಟಭರ ಮಗ. ಸೊರಬ ತಾಲ್ಲೂಕಿನ ಆನವಟ್ಟಿ ಸಮೀಪದ ಕುಬಟೂರಿನಲ್ಲಿ ಕ್ರಿ.ಶ. 1100ರ ಸುಮಾರಿಗೆ ಕಟ್ಟಿದ ಕೈಟಭೇಶ್ವರ ದೇವಾಲಯ ನೋಡಿದವರಿಗೆ ಅಪ್ಪನ ಹೆಸರು ಹೊಸದೇನಲ್ಲ. ಮಗನನ್ನು ಬಲ್ಲವರು ಮಾತ್ರ ಕಡಿಮೆ.

ಬಾಯಿಂದ ಬೆಂಕಿ ಉಗುಳುವವರು ಯಾರು ಎಂದು ಸೊರಬದಲ್ಲೋ ಶಿಕಾರಿಪುರದಲ್ಲೋ ಶಾಲೆಗೆ ಹೋಗುವ ಹುಡುಗನನ್ನು ಕೇಳಿ ನೋಡಿ. ‘ಡ್ರ್ಯಾಗನ್’ ಎಂಬ ಉತ್ತರ ತಟ್ಟನೆ ಬರುತ್ತದೆ. ಅವನು ಅದನ್ನು ಕಂಡದ್ದು ಮೊಬೈಲಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ. ‘ರೋಲ್ ಪ್ಲೇಯಿಂಗ್’ ಎಂಬ ಬಗೆಯ ವಿಡಿಯೋ ಗೇಮ್‌ಗಳಲ್ಲಿ ಆಟಗಾರ ಒಂದು ಪಾತ್ರವನ್ನು ತಾನೇ ವಹಿಸಿಕೊಂಡು, ಅದನ್ನು ಬೆಳೆಸುತ್ತಾ ಕಥೆಯೊಳಗೆ ನಡೆಯುತ್ತಾನೆ. ಇಂಥ ಕೆಲವು ಆಟಗಳಲ್ಲಿ ಉಸಿರೇ ಅಸ್ತ್ರ. ‘ಹೊತ್ತು ಹೊತ್ತಿಗೂ ಬೆಂಕಿ ಕಾರುವುದೇ ಆಯಿತು, ಇದರಲ್ಲಿ ಏನು ಬುದ್ಧಿ ಬಂತು?’ ಎಂದು ಅಪ್ಪ ಅಮ್ಮ ಗೊಣಗುವುದು ಸಹಜ. ಆದರೆ ಈ ಉಸಿರಿಗೆ ಕಟ್ಟುನಿಟ್ಟಾದ ನಿಯಮಗಳಿವೆ ಎಂಬುದು ಪಕ್ಕದಲ್ಲಿ ಕೂತು ನೋಡಿದರಷ್ಟೇ ತಿಳಿಯುತ್ತದೆ.

ಈ ನಿಯಮಗಳು ಹುಟ್ಟಿದ್ದು ಪರದೆಯ ಮೇಲಲ್ಲ, ಮೇಜಿನ ಮೇಲೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಕಾಗದ, ಪೆನ್ಸಿಲು, ದಾಳ, ಜೊತೆಗೆ ನಾಲ್ಕಾರು ಗೆಳೆಯರಿದ್ದರೆ ಸಾಕು. ಅದರಲ್ಲಿ ಕೆಂಪು ಡ್ರ್ಯಾಗನ್ ಬೆಂಕಿ ಉಸುರಿದರೆ ಬಿಳಿಯದು ಕೊರೆಯುವ ಚಳಿ, ಕಪ್ಪು ಆಮ್ಲ, ನೀಲಿ ಮಿಂಚು, ಹಸಿರು ವಿಷಾನಿಲ. ಬಣ್ಣ ನೋಡಿಯೇ ಎದುರಾಳಿ ಸಿದ್ಧನಾಗಬೇಕು. 1981ರ ನಿಯಮಪುಸ್ತಕದ ಪ್ರಕಾರ ಡ್ರ್ಯಾಗನ್ ದಿನಕ್ಕೆ ಮೂರೇ ಸಲ ಹೀಗೆ ಉಸಿರು ಬಿಡಬಹುದು. ಅದಕ್ಕೆ ಆ ಹೊತ್ತಿಗೆ ಎಷ್ಟು ಪ್ರಾಣಶಕ್ತಿ ಉಳಿದಿದೆಯೋ ಉಸಿರಿನ ಪೆಟ್ಟೂ ಅಷ್ಟೇ. ಗಾಯ ಮಾಡಿದಷ್ಟೂ ಬೆಂಕಿ ತಣ್ಣಗಾಗುತ್ತದೆ ಎನ್ನಿ!

2014ರ ಆವೃತ್ತಿಯಲ್ಲಿ ಲೆಕ್ಕ ಬೇರೆ. ಒಮ್ಮೆ ಉಸಿರು ಬಿಟ್ಟ ಡ್ರ್ಯಾಗನ್ ಪ್ರತಿ ಸರದಿಗೂ ದಾಳ ಉರುಳಿಸಬೇಕು, 5 ಅಥವಾ 6 ಬಿದ್ದರೆ ಮಾತ್ರ ಮತ್ತೆ ಉಸಿರು. ಅಂದರೆ ಮೂರರಲ್ಲಿ ಒಂದು ಅವಕಾಶ. ಎರಡು ಸರದಿ ಕಳೆದರೂ ಉಸಿರು ಮರಳದಿರುವ ಸಂಭವ ಒಂಬತ್ತರಲ್ಲಿ ನಾಲ್ಕು. ಹತ್ತನೇ ತರಗತಿಯ ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ರುಚಿಯಾದ ಉದಾಹರಣೆ ಸಿಕ್ಕೀತೆ?

ಕಂಪ್ಯೂಟರ್ ಆಟಗಳು ಇದನ್ನೇ ತಮ್ಮದಾಗಿಸಿಕೊಂಡವು. ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ (1986) ಆಟದಲ್ಲಿ ಬೆಂಕಿ ಉಗುಳುವವನು ಎದುರಾಳಿ. ‘ಬ್ರೆತ್ ಆಫ್ ಫೈರ್’ (1993) ಆಟದಲ್ಲಿ ನಾಯಕನೇ ಡ್ರ್ಯಾಗನ್ ಆಗುತ್ತಾನೆ. 2011ರ ‘ಸ್ಕೈರಿಮ್’ ಆಟದ್ದು ಇನ್ನೂ ಸೊಗಸು: ಅಲ್ಲಿ ಬೆಂಕಿಯ ಉಸಿರೆಂದರೆ ಮೂರು ಪದಗಳ ಒಂದು ಕೂಗು, ಹೆಚ್ಚುಕಡಿಮೆ ಮಂತ್ರದ ಹಾಗೆ. ಒಂದೇ ಪದ ಉಚ್ಚರಿಸಿದರೆ ಪೆಟ್ಟು ಸಣ್ಣದು, ಬೇಗ ಮತ್ತೆ ಕೂಗಬಹುದು. ಮೂರನ್ನೂ ಉಚ್ಚರಿಸಿದರೆ ಪೆಟ್ಟು ದೊಡ್ಡದು, ಕಾಯುವಿಕೆಯೂ ದೀರ್ಘ. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಡ್ರ್ಯಾಗನ್ ವಂಶದ ಪಾತ್ರ ಒಮ್ಮೆ ಉಸಿರಿನ ಅಸ್ತ್ರ ಬಳಸಿದರೆ ವಿಶ್ರಾಂತಿ ಪಡೆಯದೆ ಮತ್ತೆ ಬಳಸುವಂತಿಲ್ಲ. ಅಂದ ಹಾಗೆ, ಈ ಕೊನೆಯ ಎರಡೂ ಆಟಗಳಿಗೆ ಯುರೋಪಿನ ವಯೋಮಿತಿ ವ್ಯವಸ್ಥೆ 18 ವರ್ಷದ ಗುರುತು ಹಾಕಿದೆ. ಹೈಸ್ಕೂಲು ಮಕ್ಕಳ ಕೈಗೆ ಅವನ್ನು ಕೊಡುವ ಮುನ್ನ ಹಿರಿಯರು ಆ ಅಂಕಿಯನ್ನು ನೋಡಲೇಬೇಕು. ‘ಎಲ್ಲರೂ ಆಡ್ತಾರೆ’ ಎಂಬ ವಾದಕ್ಕೆ ಸೋಲಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ ವಯಸ್ಸಿಗಿಂತ ಮುಖ್ಯವಾದದ್ದು. ಯಕ್ಷಗಾನದಲ್ಲಿ ರಾಕ್ಷಸ ವೇಷ ಬರುವಾಗ ದೊಂದಿಗೆ ರಾಳದ ಪುಡಿ ಎರಚಿ ಭಗ್ಗನೆ ಬೆಂಕಿ ಏಳಿಸುವುದುಂಟು. ಅದು ಪಳಗಿದವರ ಕೆಲಸ. ಬಾಯಿಗೆ ಸೀಮೆಎಣ್ಣೆ ಅಥವಾ ಪೆಟ್ರೋಲ್ ಹಾಕಿಕೊಂಡು ಬೆಂಕಿಗೆ ಊದುವ ಚಪಲವನ್ನು ಮಕ್ಕಳು ಎಲ್ಲಿಂದಲೇ ಕಲಿತಿರಲಿ, ಅಲ್ಲಿಗೇ ನಿಲ್ಲಿಸಬೇಕು. ಮುಖ ಸುಡುವುದು ಒಂದು ಭಯವಾದರೆ, ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗುವುದು ಇನ್ನೊಂದು. ಹಾಗೇನಾದರೂ ಆದರೆ ವಾಂತಿ ಮಾಡಿಸುವ ಪ್ರಯತ್ನ ಬೇಡ, ನೇರ ಆಸ್ಪತ್ರೆಗೆ ಓಡಬೇಕು.

ಮತ್ತೆ ಧುಂಧುವಿನ ಕಡೆಗೆ ಬಂದರೆ, ಅವನ ಕಥೆಯಲ್ಲಿ ಆಟವೊಂದಕ್ಕೆ ಬೇಕಾದುದೆಲ್ಲ ಆಗಲೇ ಇದೆ. ದೇವತೆಗಳಿಂದಾಗಲಿ, ದಾನವರಿಂದಾಗಲಿ, ಯಕ್ಷ, ಗಂಧರ್ವ, ನಾಗರಿಂದಾಗಲಿ ಸಾವಿಲ್ಲದ ವರ ಅವನಿಗೆ. ಮನುಷ್ಯನ ಹೆಸರೊಂದು ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಅವನ ಉಸಿರಿನ ಕಾಟ ತಾಳಲಾರದೆ ಉತ್ತಂಕ ಋಷಿ ಅರಸನ ಮೊರೆಹೊಕ್ಕ. ಆ ಅರಸನ ಮಗ ಕುವಲಾಶ್ವ ತನ್ನ 21,000 ಮಕ್ಕಳೊಂದಿಗೆ ಹೊರಟ. ಏಳು ದಿನ ಮರಳು ಅಗೆದು ಅವರು ರಾಕ್ಷಸನನ್ನು ಎಬ್ಬಿಸಿದರು. ಎದ್ದವನು ಬಾಯಿ ತೆರೆದ, ಮಕ್ಕಳೆಲ್ಲ ಸುಟ್ಟುಹೋದರು. ಉಳಿದವರು ಮೂವರೇ. ಕುವಲಾಶ್ವ ಬೆಂಕಿಗೆ ಪ್ರತಿಯಾಗಿ ಬೆಂಕಿ ಹಚ್ಚಲಿಲ್ಲ. ಯೋಗಬಲದಿಂದ ನೀರು ಹರಿಸಿ ಆ ಜ್ವಾಲೆಯನ್ನು ಮೊದಲು ಆರಿಸಿದ, ಆಮೇಲೆ ಬ್ರಹ್ಮಾಸ್ತ್ರ ಬಿಟ್ಟ. ಧುಂಧುಮಾರ ಎಂಬ ಬಿರುದು ಅವನಿಗೆ ಬಂದದ್ದು ಹೀಗೆ.

ರಜೆಯಲ್ಲಿ ಮನೆಮಕ್ಕಳೇ ಇದನ್ನು ಆಟವಾಗಿ ಕಟ್ಟಬಹುದು. ಒಂದು ನೋಟ್‌ಬುಕ್ ಹಾಳೆ, ಒಂದು ದಾಳ ಸಾಕು. ವರ್ಷಕ್ಕೊಂದು ಉಸಿರಿಗೆ ಎಷ್ಟು ಸರದಿ ಕಾಯಿಸಬೇಕು, ನೀರಿಗೆ ಎಷ್ಟು ಬಲ ಕೊಡಬೇಕು ಎಂಬುದನ್ನು ಅಜ್ಜಿಯನ್ನೂ ಕೂರಿಸಿಕೊಂಡು ತೀರ್ಮಾನಿಸಲಿ. ರಾಜಕುಮಾರ ಉಳಿಯುವ ಸಂಭವಕ್ಕೂ ಲೆಕ್ಕವಿದೆ: 21,000ದಲ್ಲಿ ಮೂವರೆಂದರೆ 7,000ಕ್ಕೆ ಒಬ್ಬ. ದಾಳವನ್ನು ಸತತ ಐದು ಸಲ ಉರುಳಿಸಿ ಐದೂ ಸಲ 6 ಬೀಳುವ ಸಂಭವ 7,776ಕ್ಕೆ ಒಂದು. ಹತ್ತಿರ ಹತ್ತಿರ ಸರಿಹೋಗುತ್ತದೆ.