ಮಗನ ಕಾರಿನಲ್ಲಿ ಮಕ್ಕಾಕ್ಕೆ: ಹೊರಡುವ ಮೊದಲು ಒಂದಿಷ್ಟು ಮಾತು

ಕಳೆದ ತಿಂಗಳು ಕಂಪ್ಲಿಯಿಂದ ಹಿರಿಯ ದಂಪತಿ ಹೊಸಪೇಟೆಯ ನನ್ನ ದವಾಖಾನೆಗೆ ಬಂದಿದ್ದರು. ಮಗ ರಿಯಾದಿನಲ್ಲಿ ಕೆಲಸಕ್ಕಿದ್ದಾನೆ. ತಂದೆತಾಯಿಗೆ ವಿಸಿಟ್ ವೀಸಾ ಮಾಡಿಸಿದ್ದಾನೆ. ಅವರು ಬಂದದ್ದು ಶಕ್ತಿಗೆ ಒಂದು ಮಾಜೂನು ಬರೆಸಿಕೊಳ್ಳಲು. ಮಾತಿನ ನಡುವೆ ಕೇಳಿದೆ: “ಉಮ್ರಾಕ್ಕೆ ಹೇಗೆ ಹೋಗುತ್ತೀರಿ?” ಹಿರಿಯರು ಖುಷಿಯಿಂದ ಹೇಳಿದರು, “ಮಗನ ಕಾರಿನಲ್ಲೇ. ಒಂದೇ ದಿನದಲ್ಲಿ ಮುಟ್ಟಿಸ್ತಾನಂತೆ.” ಪಕ್ಕದಲ್ಲಿದ್ದ ಅಮ್ಮ ಮೆಲ್ಲನೆ ಸೇರಿಸಿದರು: “ಆವತ್ತು ನಾನು ನೀರು ಮುಟ್ಟಂಗಿಲ್ಲ ಡಾಕ್ಟರ್ ಸಾಬ್. ಹೆಂಗಸರು ದಾರ್ಯಾಗ ಎಲ್ಲಿ ಹೋಗಬೇಕು? ಹುಡುಗನಿಗೆ ಯಾಕೆ ತ್ರಾಸು?”

ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಕಾರಣ, ಇದೇ ಮಾತನ್ನು ನನ್ನ ಅಮ್ಮಿ ಬಾಯಿಬಿಟ್ಟು ಹೇಳದೆ ಮಾಡಿ ತೋರಿಸಿದ್ದರು. ಕೆಲವು ವರ್ಷಗಳ ಹಿಂದೆ ಅಬ್ಬಾ, ಅಮ್ಮಿ ಮತ್ತು ನಾನು ರಿಯಾದಿನ ಭಾಯಿಜಾನ್ ಮನೆಗೆ ಹೋಗಿದ್ದೆವು. ಫಜ್ರ್ ನಮಾಝ್ ಮುಗಿಸಿ ಕಾರಿನಲ್ಲಿ ಮಕ್ಕಾಕ್ಕೆ ಹೊರಟೆವು. ಯುನಾನಿ ಡಿಗ್ರಿ ಪಡೆದ ಮಗ ಪಕ್ಕದ ಸೀಟಿನಲ್ಲೇ ಕುಳಿತಿದ್ದೆ. ಚೀಲದ ತುಂಬ ಔಷಧಿ ಇತ್ತು. ಆದರೆ ಅಮ್ಮಿ ಬೆಳಿಗ್ಗೆ ಅರ್ಧ ಕಪ್ ಚಹಾ ಕುಡಿದವರು ತಾಯಿಫ್‌ವರೆಗೂ ಹನಿ ನೀರು ಕುಡಿದಿರಲಿಲ್ಲ ಎಂಬುದನ್ನು ನಾನು ಗಮನಿಸಲೇ ಇಲ್ಲ. ಪ್ರತಿ ಪೆಟ್ರೋಲ್ ಬಂಕಿನಲ್ಲೂ ಭಾಯಿಜಾನ್ ಮುಂದಿನ ಸೀಟಿನಿಂದ ತಿರುಗಿ, “ಅಮ್ಮಿ, ಹೋಗಬೇಕಾ?” ಎಂದು ಕೇಳುತ್ತಿದ್ದರು. ಗಂಡ, ಇಬ್ಬರು ಗಂಡುಮಕ್ಕಳು, ಮೊಮ್ಮಕ್ಕಳ ಎದುರು ಅವರೇನು ಹೇಳಿಯಾರು? ತಲೆ ಅಲ್ಲಾಡಿಸುತ್ತಿದ್ದರು. ಆ ರಾತ್ರಿ ಮಕ್ಕಾದ ಕೋಣೆಯಲ್ಲಿ ಚಳಿಜ್ವರ, ಉರಿಮೂತ್ರ. ನನ್ನ ಚೀಲದಲ್ಲಿದ್ದ ಶರಬತ್ ಬಝೂರಿಗೆ ಬಗ್ಗುವ ಸೋಂಕು ಅದಾಗಿರಲಿಲ್ಲ. ಆಸ್ಪತ್ರೆಗೆ ಹೋಗಿ ಆ್ಯಂಟಿಬಯಾಟಿಕ್ ಹಾಕಿಸಬೇಕಾಯಿತು. ಎರಡು ದಿನ ಇಹ್ರಾಮಿನಲ್ಲೇ ಜ್ವರದಲ್ಲಿ ಮಲಗಿದ್ದು, ಮೂರನೆಯ ದಿನ ಗಾಲಿಕುರ್ಚಿಯಲ್ಲಿ ತವಾಫ್ ಮಾಡಿದರು. ಜೀವಮಾನವಿಡೀ ಕಾದಿದ್ದ ದಿನಗಳು ಅವು.

ರಿಯಾದಿನಿಂದ ಮಕ್ಕಾಕ್ಕೆ ಸುಮಾರು 870 ಕಿ.ಮೀ. ಹೊಸಪೇಟೆಯಿಂದ ಬೆಂಗಳೂರಿಗೆ ಹೋಗಿ, ವಾಪಸ್ ಬಂದು, ಮತ್ತೆ ಚಿತ್ರದುರ್ಗ ದಾಟುವವರೆಗೆ ಹೋದಷ್ಟು ದೂರ. ದಮ್ಮಾಮಿನಲ್ಲಿ ಇರುವವರು ಇದಕ್ಕೆ ಇನ್ನೂ 400 ಕಿ.ಮೀ. ಸೇರಿಸಿಕೊಳ್ಳಬೇಕು. ಮಕ್ಕಾದಿಂದ ಮದೀನಾಕ್ಕೆ ಮತ್ತೆ 450 ಕಿ.ಮೀ. ರಸ್ತೆ ಚೆನ್ನಾಗಿದೆ, ಕಾರಿನಲ್ಲಿ ಎ.ಸಿ. ಇದೆ ಎಂದು ಮಕ್ಕಳು ಧೈರ್ಯ ಹೇಳುತ್ತಾರೆ. ನಮ್ಮ ಹಿರಿಯರೂ ಬಿಸಿಲಿಗೆ ಹೆದರುವವರಲ್ಲ, ಬಳ್ಳಾರಿ ಸೀಮೆಯ ಬೇಸಗೆ ಕಂಡವರು. ಆದರೆ ನಮ್ಮೂರಿನ ಬಿಸಿಲಿನಲ್ಲಿ ಬೆವರು ಹರಿಯುತ್ತದೆ, ಬಾಯಾರಿಕೆ ತಾನಾಗಿ ಕೂಗಿ ಹೇಳುತ್ತದೆ. ಎ.ಸಿ. ಕಾರಿನ ಒಣ ಗಾಳಿಯಲ್ಲಿ ದೇಹದ ನೀರು ಗೊತ್ತಾಗದಂತೆ ಹೋಗುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ಅದರ ಮೇಲೆ ನೀರು ಬೇಕೆಂತಲೇ ಬಿಟ್ಟರೆ ಮೂತ್ರ ಗಟ್ಟಿಯಾಗುತ್ತದೆ, ಕಟ್ಟಿಕೊಂಡ ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆ, ರಕ್ತದೊತ್ತಡ ಕುಸಿದು ತಲೆಸುತ್ತು ಬರುತ್ತದೆ.

ಯುನಾನಿಯಲ್ಲಿ ಆರೋಗ್ಯ ನಿಂತಿರುವುದು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂಬ ಆರು ಅಗತ್ಯಗಳ ಮೇಲೆ: ಗಾಳಿ, ಅನ್ನಪಾನ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ನೆಮ್ಮದಿ, ನಿದ್ದೆ ಮತ್ತು ಎಚ್ಚರ, ಕೊನೆಯದು ದೇಹ ಉಳಿಸಿಕೊಳ್ಳಬೇಕಾದ್ದನ್ನು ಉಳಿಸಿಕೊಂಡು ಹೊರಹಾಕಬೇಕಾದ್ದನ್ನು ಹಾಕುವುದು. ದೂರದ ಸಫರ್ ಈ ಆರನ್ನೂ ಒಟ್ಟಿಗೇ ಕಲಕುತ್ತದೆ. ಹಳಬರಿಗೆ ಇದು ಗೊತ್ತಿತ್ತು. ಇಬ್ನ್ ಸೀನಾ ತಮ್ಮ ‘ಅಲ್-ಕಾನೂನ್’ ಗ್ರಂಥದಲ್ಲಿ ಪ್ರಯಾಣಿಕರ ಆರೈಕೆಗೆಂದೇ ಒಂದು ಭಾಗ ಇಟ್ಟಿದ್ದಾರೆ. ಅದಕ್ಕೂ ಮೊದಲೇ, 9ನೇ ಶತಮಾನದಲ್ಲಿ, ಬಾಲಬೆಕ್‌ನ ಕುಸ್ತಾ ಇಬ್ನ್ ಲೂಕಾ ಎಂಬ ಕ್ರೈಸ್ತ ವೈದ್ಯರು ಹಜ್‌ಗೆ ಹೊರಟ ಒಬ್ಬ ದೊಡ್ಡ ಮನುಷ್ಯನಿಗಾಗಿ ಇಡೀ ಪುಸ್ತಕವನ್ನೇ ಬರೆದುಕೊಟ್ಟರು. ದಣಿವು, ದಾರಿಯ ನೀರು, ಧೂಳಿನಿಂದ ಕಣ್ಣಿಗಾಗುವ ಬಾಧೆ, ನಾರುಹುಣ್ಣು ಎಲ್ಲ ಅದರಲ್ಲಿದೆ. ನಾರುಹುಣ್ಣು ಎಂದರೆ ನಮ್ಮ ಕಡೆಯ ಅಜ್ಜ-ಅಜ್ಜಿಯರಿಗೆ ಈಗಲೂ ನೆನಪಿರುತ್ತದೆ. ಭಾರತ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2000ದಲ್ಲಿ.

ಹಾಗಾದರೆ ನೀರು ಎಷ್ಟು ಕುಡಿಯಬೇಕು? ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ವೈದ್ಯರು ಮಿತಿ ಹೇಳಿದ್ದರೆ ಅದೇ ಲೆಕ್ಕ. ಉಳಿದವರು ಗಂಟೆಗೊಂದು ಲೋಟವನ್ನು ಗುಟುಕು ಗುಟುಕಾಗಿ ಕುಡಿಯಲಿ. ಅಳತೆಗೋಲು ನಮ್ಮ ಹಕೀಮರು ಸಾವಿರ ವರ್ಷದಿಂದ ನೋಡುತ್ತಿರುವ ‘ಕಾರೂರಾ’, ಅಂದರೆ ಮೂತ್ರ. ಒಣಹುಲ್ಲಿನ ತಿಳಿಬಣ್ಣವಿದ್ದರೆ ಸರಿ, ಕಡು ಚಹಾದ ಬಣ್ಣ ಬಂದರೆ ನೀರು ಸಾಲದು. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಪ್ರಯಾಣದ ದಿನ ಅದನ್ನು ತಾವಾಗಿಯೇ ಬಿಡುತ್ತಾರೆ, ಮನೆಯವರಿಗೂ ಹೇಳುವುದಿಲ್ಲ. ಬಿಡಬೇಕೇ, ಹೊತ್ತು ಬದಲಿಸಬೇಕೇ ಎಂಬುದನ್ನು ಬರೆದುಕೊಟ್ಟ ವೈದ್ಯರನ್ನೇ ಮೊದಲು ಕೇಳಿ.

ಈಗ ಕಾರು ಓಡಿಸುವ ಮಗನಿಗೆ ಒಂದು ಮಾತು. “ಹೋಗಬೇಕಾ?” ಎಂದು ಕೇಳಲೇಬೇಡಿ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಎಲ್ಲರೂ ಇಳಿಯಿರಿ. ಸೊಸೆಯೋ ಮಗಳೋ ಅತ್ತೆಯ, ಅಮ್ಮನ ಕೈಹಿಡಿದು ತಾನೂ ಜೊತೆಗೆ ಹೋಗಲಿ. ಕೇಳುವ ಪ್ರಸಂಗವೇ ಇಲ್ಲದಿದ್ದರೆ ಸಂಕೋಚಪಡುವ ಪ್ರಸಂಗವೂ ಇರುವುದಿಲ್ಲ. ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಮಸೀದಿ, ಶೌಚಾಲಯ, ಅಂಗಡಿ ಒಟ್ಟಿಗೇ ಸಿಗುತ್ತವೆ, ಆದರೆ ಎಲ್ಲವೂ ಒಂದೇ ಮಟ್ಟದ್ದಲ್ಲ. ಬಹಳ ಕಡೆ ಕುಕ್ಕರಗಾಲಿನಲ್ಲಿ ಕೂರುವಂಥವೇ ಇರುತ್ತವೆ. ಮಂಡಿನೋವಿನವರು ಕೂತರೆ ಏಳಲಾಗದು. ಆ ಭಯಕ್ಕೇ ಎಷ್ಟೋ ಜನ ನೀರು ಬಿಡುತ್ತಾರೆ. ಮಡಚುವ ಕಮೋಡ್ ಕುರ್ಚಿ ಒಂದನ್ನು ಡಿಕ್ಕಿಯಲ್ಲಿಟ್ಟುಕೊಳ್ಳಿ. ಜಾರದ ಚಪ್ಪಲಿ, ಟಿಶ್ಯೂ, ಒಂದು ಜೊತೆ ಒಳಬಟ್ಟೆ ಕೈಚೀಲದಲ್ಲೇ ಇರಲಿ.

ಹೀಗೆ ಇಳಿದು ನಡೆಯುವುದು ಕಾಲಿಗೂ ಬೇಕು. ನಾಲ್ಕು ಗಂಟೆಗಿಂತ ಹೆಚ್ಚು ಕೂತೇ ಪ್ರಯಾಣ ಮಾಡಿದರೆ ಕಾಲಿನ ಒಳ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎರಡೂ ಪಾದ ಸ್ವಲ್ಪ ಊದುವುದು ಸಾಮಾನ್ಯ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಏದುಸಿರು ಬಂದರೆ ಆಸ್ಪತ್ರೆಗೆ ಹೋಗಿ. ಆಗ ದಯವಿಟ್ಟು ಎಣ್ಣೆ ಹಚ್ಚಿ ತಿಕ್ಕಬೇಡಿ. ಮಾಲೀಸು ನಮ್ಮ ಪದ್ಧತಿಯದೇ ಚಿಕಿತ್ಸೆ, ನಾನೂ ದಿನಾ ಮಾಡಿಸುತ್ತೇನೆ. ಆದರೆ ಹೆಪ್ಪುಗಟ್ಟಿದ ಕಾಲನ್ನು ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು.

ಇಬ್ನ್ ಸೀನಾ ಹೇಳುವ ಒಂದು ಉಪಾಯ ನನಗೆ ಬಹಳ ಹಿಡಿಸುತ್ತದೆ. ದಾರಿಯಲ್ಲಿ ಎದುರಾಗುವ ಕಷ್ಟಕ್ಕೆ ದೇಹವನ್ನು ಮೊದಲೇ ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಬೇಕು. ಅದಕ್ಕೆ ನಮ್ಮ ಸುತ್ತಲೇ ಜಾಗಗಳಿವೆ. ಸಫಾ-ಮರ್ವಾ ನಡುವಿನ ಏಳು ಓಟ ಸುಮಾರು 3 ಕಿ.ಮೀ. ಆಗುತ್ತದೆ, ತವಾಫ್ ಬೇರೆ. ವೀಸಾ ಬಂದ ದಿನದಿಂದಲೇ ನಡೆಯಲು ಶುರುಮಾಡಿ, ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹಂಪಿಗೆ ಕರೆದುಕೊಂಡು ಹೋಗಿ. ಹಂಪಿ ಬಜಾರಿನಿಂದ ಹೊಳೆದಂಡೆಯ ಕಲ್ಲುದಾರಿಯಲ್ಲಿ ವಿಠ್ಠಲ ಗುಡಿಯವರೆಗೆ ಸುಮಾರು 2 ಕಿ.ಮೀ. ಹೋಗಿ ಬಂದರೆ ಮಂಡಿ, ಸೊಂಟ, ಉಸಿರು ಮೂರರ ಸ್ಥಿತಿಯೂ ಗೊತ್ತಾಗುತ್ತದೆ. ಎದೆ ಹಿಡಿದರೆ ಅಲ್ಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಇನ್ನೊಂದು ದಿನ ಸಂಡೂರಿಗೆ ಕಾರಿನಲ್ಲಿ ಹೋಗಿ. ಆ ಗುಡ್ಡದ ತಿರುವುಗಳಲ್ಲಿ ವಾಂತಿ ಬರುವವರಿಗೆ ತಾಯಿಫ್‌ನ ಇಳಿಜಾರಿನಲ್ಲೂ ಬರುತ್ತದೆ. ತಾಯಿಫ್ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ, ಮಕ್ಕಾ 300 ಮೀಟರಿನ ಒಳಗೆ. ಅಲ್-ಹದಾ ಘಾಟಿನ ನೋಟ ಚೆಂದ, ಆದರೆ ತಿರುವೋ ತಿರುವು. ಹಿರಿಯರಿದ್ದರೆ ಸೈಲ್ ಕಬೀರ್ ದಾರಿಯೇ ಹಿತ. ಮೀಕಾತ್ ಕೂಡ ಅಲ್ಲೇ ಇದೆ. ಇಳಿಯುವಾಗ ಕಿವಿ ಕಟ್ಟಿದರೆ ಉಗುಳು ನುಂಗಿದರೆ ಸಾಕು.

ವಾಂತಿಗೆ ಹಸಿಶುಂಠಿಯ ಚೂರನ್ನು ಬಾಯಲ್ಲಿಟ್ಟುಕೊಳ್ಳುವುದು, ಪುದೀನ ಮೂಸುವುದು ಒಳ್ಳೆಯದು. ಹೊರಡುವ ಮುಂಚೆ ಹೊಟ್ಟೆತುಂಬ ಉಣ್ಣಿಸಬೇಡಿ. ಬಂದ ಅತಿಥಿಗಳಿಗೆಂದು ರಾತ್ರಿ ಹನ್ನೊಂದಕ್ಕೆ ಕಬ್ಸಾ, ಬೆಳಿಗ್ಗೆ ನಾಲ್ಕಕ್ಕೆ ಪ್ರಯಾಣ ಎಂದರೆ ಯಾರ ಹೊಟ್ಟೆ ತಡೆದೀತು? ಮಲಬದ್ಧತೆಗೆ ಇಸಬ್‌ಗೋಲು ಒಳ್ಳೆಯದು, ಆದರೆ ಜೊತೆಗೆ ಸಾಕಷ್ಟು ನೀರು ಕುಡಿಯದಿದ್ದರೆ ಅದೇ ಕರುಳಿನಲ್ಲಿ ಗಟ್ಟಿಯಾಗಿ ಕೂರುತ್ತದೆ.

ಸಕ್ಕರೆ ಕಾಯಿಲೆಯವರ ವಿಷಯ ಬೇರೆಯೇ. ಇನ್ಸುಲಿನ್ ಪೆನ್ನನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಿರಿ. ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಮೇಲಾಗಲಿ ಅದರ ಖಾನೆಯಲ್ಲಾಗಲಿ ಇಡಬೇಡಿ. ನಿಲ್ಲಿಸಿದ ಕಾರು ಸ್ವಲ್ಪ ಹೊತ್ತಿನಲ್ಲೇ ಕಾವಲಿಯಾಗುತ್ತದೆ, ಕಾದ ಇನ್ಸುಲಿನ್ ನೋಡಲು ಹಾಗೆಯೇ ಇದ್ದರೂ ಕೆಲಸ ಮಾಡದು. ಐಸ್‌ಗೆ ತಾಗಿ ಹೆಪ್ಪುಗಟ್ಟಿದರೂ ಕೆಟ್ಟಿತು. ಬಟ್ಟೆ ಸುತ್ತಿ ಅಗಲಬಾಯಿಯ ಫ್ಲಾಸ್ಕಿನಲ್ಲಿಟ್ಟು, ಇಳಿಯುವಾಗ ಜೊತೆಗೇ ಇಳಿಸಿಕೊಳ್ಳಿ. ಊಟ ತಡವಾಗಿ ಬೆವರು, ನಡುಕ ಬಂದರೆ ಕೊಡಲು ಖರ್ಜೂರ ಕೈಗೆಟುಕುವಲ್ಲಿರಲಿ. ಸೌದಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದಿದೆ, ಔಷಧಿಯ ಹೊತ್ತನ್ನು ಹೊರಡುವ ಮೊದಲೇ ಕೂತು ಬರೆದುಕೊಳ್ಳಿ. ವುಝೂ ಆದ ಮೇಲೆ ಕಾಲ್ಬೆರಳ ಸಂದುಗಳನ್ನು ಒರೆಸಿ ಒಣಗಿಸಿ. ಪಾದದ ಸ್ಪರ್ಶ ಕಡಿಮೆಯಾದವರು ಮಸೀದಿ ಮುಂದಿನ ಕಾದ ನೆಲದಲ್ಲಿ ನಾಲ್ಕು ಹೆಜ್ಜೆ ಬರಿಗಾಲಲ್ಲಿ ನಡೆದರೂ ಬೊಬ್ಬೆ ಏಳುತ್ತದೆ. ಅವರಿಗೆ ಅದು ಸಂಜೆಯವರೆಗೂ ತಿಳಿಯುವುದಿಲ್ಲ.

ಪೆಟ್ಟಿಗೆ ಕಟ್ಟುವ ಸಂಭ್ರಮದಲ್ಲಿ ಒಂದು ಅನಾಹುತ ಆಗಬಾರದು. ಮೊಮ್ಮಕ್ಕಳಿಗೆ ಪಾಯಸ ಮಾಡಿಕೊಡಲೆಂದು ಗಸಗಸೆ ಕಟ್ಟಿಕೊಳ್ಳಬೇಡಿ. ಅಫೀಮಿನ ಗಿಡದ ಬೀಜವಾದ್ದರಿಂದ ಸೌದಿ, ಯುಎಇಗಳಲ್ಲಿ ಅದು ನಿಷಿದ್ಧ, ಜೈಲಿನ ಮಾತು. ಮಸಾಲೆ ಪುಡಿಯಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ನಮ್ಮ ಯುನಾನಿಯಲ್ಲೇ ಶರಬತ್ ಖಶ್‌ಖಾಶ್ ಎಂದರೆ ಗಸಗಸೆಯದು, ಬರ್ಶಾಶಾದಲ್ಲಿ ಅಫೀಮೇ ಇದೆ. ಇವನ್ನು ಮನೆಯಲ್ಲೇ ಬಿಟ್ಟುಬಿಡಿ. ಕೋಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್, ನರನೋವಿಗೆ ಕೊಡುವ ಪ್ರಿಗಬಾಲಿನ್‌ಗಳಿಗೂ ಅಲ್ಲಿ ಕಟ್ಟುನಿಟ್ಟಿದೆ. ಮಂಡಿನೋವಿಗೆಂದು ಯಾರೋ ಕೊಟ್ಟ ಮಾತ್ರೆಯ ಹೆಸರು ನಿಮಗೆ ಗೊತ್ತೇ ಇರುವುದಿಲ್ಲ. ಎಲ್ಲ ಔಷಧಿಯನ್ನೂ ಒಮ್ಮೆ ವೈದ್ಯರ ಮುಂದೆ ಸುರುವಿ ತೋರಿಸಿ. ಅಂಗಡಿಯ ಮೂಲ ಪೊಟ್ಟಣದಲ್ಲೇ ಇರಲಿ, ಜೊತೆಗೆ ಔಷಧಿಯ ಮೂಲ ಹೆಸರು ಬರೆದ ಇಂಗ್ಲಿಷ್ ಚೀಟಿಯೂ ಇರಲಿ. ಉಮ್ರಾಕ್ಕೆ ಬೇಕಾದ ಮೆನಿಂಜೈಟಿಸ್ ಲಸಿಕೆಯನ್ನು ಹೊರಡುವ ಹತ್ತು ದಿನಕ್ಕೆ ಮೊದಲೇ ಹಾಕಿಸಿಕೊಳ್ಳಿ.

ದಾರಿಯಲ್ಲಿ ನಿಜವಾಗಿ ಎಲ್ಲರ ಜೀವ ಇರುವುದು ಚಾಲಕನ ಕಣ್ಣಿನಲ್ಲಿ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಗುರುವಾರ ಡ್ಯೂಟಿ ಮುಗಿಸಿ ಆ ರಾತ್ರಿಯೇ ಹೊರಟು, ಉಮ್ರಾ ಮುಗಿಸಿ ಭಾನುವಾರ ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹಾಜರಾಗುವ ಹುಡುಗರಿದ್ದಾರೆ. ನೇರ ಮರುಭೂಮಿ ರಸ್ತೆಯಲ್ಲಿ ಕಣ್ಣು ತೆರೆದೇ ನಿದ್ದೆ ಬರುತ್ತದೆ. ಕಾಫಿಯಿಂದ ಅರ್ಧ ಗಂಟೆ ಕಳೆಯಬಹುದು, ರಾತ್ರಿ ಕಳೆಯಲಾಗದು. ರಾತ್ರಿ ಮಲಗಿ ಫಜ್ರ್ ಆದ ಮೇಲೆ ಹೊರಡಿ, ತಾಯಿಫ್‌ನಲ್ಲಿ ಒಂದು ರಾತ್ರಿ ತಂಗಿ. ಕೋಣೆಯ ಬಾಡಿಗೆ ಉಳಿಸುವ ಜಾಗ ಇದಲ್ಲ. ಪ್ರಯಾಣಿಕನಿಗೆ ನಮಾಝ್‌ನಲ್ಲಿ ಕಸ್ರ್‌ನ ರಿಯಾಯಿತಿ, ರಮಝಾನಿನಲ್ಲಿ ಉಪವಾಸ ಮುಂದೂಡುವ ರಿಯಾಯಿತಿ ಇರುವುದು ಅವನ ದೇಹ ದಣಿದಿರುತ್ತದೆ ಎಂದೇ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಿಕೊಳ್ಳಲಿ, ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡ. ಅಲ್ಲಿ ಆ್ಯಂಬುಲೆನ್ಸ್‌ಗೆ 997. ಈ ಸಂಖ್ಯೆ ಅಮ್ಮನ ಫೋನಿನಲ್ಲೂ ಇರಲಿ.

ರಸ್ತೆಬದಿ ಒಂಟೆ ಹಾಲು ಕರೆದು ಕೊಡುತ್ತಾರೆ, ಹಿರಿಯರಿಗೆ ಆಸೆಯಾಗುತ್ತದೆ. ನಮ್ಮ ಗ್ರಂಥಗಳಲ್ಲೂ ಅದರ ಗುಣಗಾನ ಇದೆ. ಕುಡಿಯುವುದಾದರೆ ಕಾಯಿಸಿಯೇ ಕುಡಿಯಿರಿ, ಒಂಟೆಯ ಮೂತಿ ಸವರಲು ಹೋಗಬೇಡಿ. 2012ರಲ್ಲಿ ಸೌದಿಯಲ್ಲೇ ಮೊದಲು ಗುರುತಿಸಿದ ಮರ್ಸ್ ಸೋಂಕು ಒಂಟೆಗಳಿಂದ ಮನುಷ್ಯರಿಗೆ ಬರುತ್ತದೆ. ಊರಿಗೆ ಮರಳಿದ ಎರಡು ವಾರದೊಳಗೆ ಜ್ವರ, ಕೆಮ್ಮು, ಏದುಸಿರು ಬಂದರೆ ಎಲ್ಲಿಗೆ ಹೋಗಿದ್ದಿರಿ, ಏನು ಕುಡಿದಿರಿ ಎಂಬುದನ್ನು ವೈದ್ಯರು ಕೇಳುವ ಮೊದಲೇ ನೀವೇ ಹೇಳಿ.

ಕಂಪ್ಲಿಯ ಆ ಅಮ್ಮನಿಗೆ ಮಾಜೂನು ಬರೆಯಲಿಲ್ಲ. ಅವರ ಫೋನಿನಿಂದಲೇ ರಿಯಾದಿಗೆ ಕರೆ ಮಾಡಿಸಿ, ಮೊದಲು ಸೊಸೆಯ ಜೊತೆ, ಆಮೇಲೆ ಮಗನ ಜೊತೆ ಮಾತಾಡಿದೆ.