ಬಾಲ ಕಟ್ಟದ ವಾಲಿ

ಮುಂಬಯಿಯ ಜೋಗೇಶ್ವರಿಯ ಪೂರ್ವಕ್ಕೆ, ಒತ್ತೊತ್ತಾಗಿ ಕಟ್ಟಿದ ಮನೆಗಳ ನಡುವೆ, ಮೆಟ್ಟಿಲಿಳಿದು ಹೋಗಬೇಕಾದ ತಗ್ಗಿನಲ್ಲಿ ಆರನೆಯ ಶತಮಾನದ ಗುಹಾದೇವಾಲಯವಿದೆ. ಸವೆದುಹೋದ ಅಲ್ಲಿನ ಶಿಲ್ಪಗಳಲ್ಲಿ ಒಂದು, ಶಿವ ಪಾರ್ವತಿಯರು ಪಗಡೆಗೆ ಕೂತದ್ದು. ಈ ಅಧ್ಯಾಯದ ಆಟದಲ್ಲೂ ದಾಳವಿದೆ, ಆದರೆ ಅದಕ್ಕೆ ಇಪ್ಪತ್ತು ಮುಖ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪಾತ್ರವಾಗಿ ಆಡುವ ಈ ಬಗೆಯ ಆಟಗಳ ಮೂಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಏಟು ತಗುಲಿತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಪಾತ್ರ ಮನುಷ್ಯನೇ ಆಗಬೇಕೆಂದಿಲ್ಲ. ಎಲ್ಫ್ ಆಗಬಹುದು, ಕುಳ್ಳ ಡ್ವಾರ್ಫ್ ಆಗಬಹುದು. ಇದನ್ನು ಐವತ್ತು ವರ್ಷ ‘ರೇಸ್’ ಎಂದು ಕರೆದು, 2024ರ ನಿಯಮಪುಸ್ತಕದಲ್ಲಿ ‘ಸ್ಪೀಷೀಸ್’ ಎಂದು ಬದಲಿಸಿದರು. ತಡವಾಯಿತು, ಆದರೂ ಸರಿಯೇ.

2014ರ ಆವೃತ್ತಿಯ ಪ್ರಕಾರ ಎಲ್ಫ್ 750 ವರ್ಷ ಬದುಕಬಲ್ಲ, ಕತ್ತಲಲ್ಲಿ 60 ಅಡಿ ದೂರ ಕಾಣಬಲ್ಲ, ನಿದ್ದೆಯ ಬದಲು ನಾಲ್ಕು ತಾಸು ಧ್ಯಾನದಲ್ಲಿರುತ್ತಾನೆ. ಪುಸ್ತಕ ಇಷ್ಟು ಕೊಡುತ್ತದೆ. ಹೊಸಬ ಆಟಗಾರ ಇದನ್ನೆಲ್ಲ ಬಿಟ್ಟು ಚೂಪು ಕಿವಿಯನ್ನು ಹಿಡಿದುಕೊಳ್ಳುತ್ತಾನೆ, ದನಿಯನ್ನು ತುಸು ತೆಳ್ಳಗೆ ಮಾಡುತ್ತಾನೆ. ಎಲ್ಫ್ ಆಯಿತು! 750 ವರ್ಷ ಬದುಕುವವನನ್ನು ಜೋಗೇಶ್ವರಿಯ ಬಾಡಿಗೆ ಮನೆಯಲ್ಲಿಟ್ಟು ನೋಡಿ. ಹನ್ನೊಂದು ತಿಂಗಳ ಕರಾರಿಗೆ ಅವನು ಸಹಿ ಹಾಕುವಾಗ ಏನನ್ನಿಸೀತು? ಮನೆಯೊಡೆಯನ ಮೊಮ್ಮಗನ ಮೊಮ್ಮಗನ ಕಾಲಕ್ಕೂ ಅವನೇ ಬಾಡಿಗೆದಾರ. ಸಾಲ, ಹಗೆ, ಮದುವೆ, ಎಲ್ಲದರ ಲೆಕ್ಕವೂ ಅವನಿಗೆ ಬೇರೆ. ಕಿವಿಗಿಂತ ಆ ಲೆಕ್ಕ ಮುಖ್ಯ.

ಮನುಷ್ಯನಲ್ಲದವನ ಪಾತ್ರವಾಗುವುದು ಕನ್ನಡಿಗರಿಗೆ ಹೊಸ ಕಸುಬಲ್ಲ. ಯಕ್ಷಗಾನದ ಬಯಲಾಟದಲ್ಲಿ ರಾಕ್ಷಸನಿಗೆ ಬಣ್ಣದ ವೇಷವಿದೆ. ತೆಂಕುತಿಟ್ಟಿನಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುತ್ತಾ ಗಂಟೆಗಟ್ಟಲೆ ಕೂರಬೇಕು. ಆಮೇಲೆ ತೆರೆಯ ಹಿಂದಿನಿಂದ ಆರ್ಭಟ. ಆದರೆ ತಾಳಮದ್ದಳೆಯಲ್ಲಿ ಈ ಯಾವ ಅನುಕೂಲವೂ ಇಲ್ಲ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲು ತೊಟ್ಟ ಅರ್ಥಧಾರಿಗಳು ಎದುರುಬದುರು ಕೂರುತ್ತಾರೆ. ಭಾಗವತರು ಪದ ಹೇಳುತ್ತಾರೆ. ಅದರ ಮೇಲೆ ಇವರು ಆ ಗಳಿಗೆಗೆ ಹೊಳೆದ ಮಾತು ಕಟ್ಟುತ್ತಾರೆ. ಮಾತು ಲಂಗುಲಗಾಮಿಲ್ಲದೆ ಬೆಳೆದರೆ ಭಾಗವತರು ಮುಂದಿನ ಪದ ಎತ್ತಿಕೊಂಡು ಕತೆ ಸಾಗಿಸುತ್ತಾರೆ. ಮೇಜಿನ ಆಟದಲ್ಲಿ ಕತೆ ನಡೆಸುವವನ ಕೆಲಸವೂ ಹೆಚ್ಚುಕಡಿಮೆ ಇದೇ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರಿನ ಕಲಾವಿದರು ಮುಂಬಯಿಗೆ ಬಂದು ಮಳೆಗಾಲದಲ್ಲಿ ಕೂಟ ನಡೆಸುವ ರೂಢಿಯೂ ಇದೆ. ಹೋಟೆಲು ಮುಚ್ಚಿ ಬಂದು ಕೂತ ತುಳು, ಕನ್ನಡ ಜನ ವಾದ ಬಿಸಿಯಾದಷ್ಟೂ ನಿದ್ದೆ ಮರೆಯುತ್ತಾರೆ.

ವಾಲಿವಧೆಯನ್ನೇ ತೆಗೆದುಕೊಳ್ಳಿ. ಕುಂಬಳೆಯ ಪಾರ್ತಿಸುಬ್ಬ ರಾಮಾಯಣದ ಪ್ರಸಂಗಗಳನ್ನು ಬರೆದವನು. ಅದೇ ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರ ಅರ್ಥಕ್ಕೆ ಹೆಸರಾದವರು. ವಾಲಿ ಕಪಿ. ಅರ್ಥಧಾರಿ ಗುರ್ ಎನ್ನುವುದಿಲ್ಲ, ಮೈ ಕೆರೆದುಕೊಳ್ಳುವುದಿಲ್ಲ. ಹಾಗಿದ್ದೂ ತಾನು ಕಪಿಯೆಂಬುದನ್ನು ಸಭೆಗೆ ಒಂದು ಗಳಿಗೆಯೂ ಮರೆಯಗೊಡುವುದಿಲ್ಲ. ಹೇಗೆಂದರೆ ಅವನ ಜಗಳವೇ ಅದರ ಮೇಲೆ ನಿಂತಿದೆ.

ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲೇ ಈ ವಾದದ ಬೇರಿದೆ. ನನ್ನ ತೊಗಲು ಉಡಲು ಬಾರದು, ಮಾಂಸ ತಿನ್ನಲು ಬಾರದು, ಐದುಗುರಿನ ಪ್ರಾಣಿಗಳಲ್ಲಿ ತಿನ್ನಬಹುದಾದವು ಐದೇ, ಅವುಗಳಲ್ಲಿ ಕಪಿ ಇಲ್ಲ; ಮತ್ತೇಕೆ ಕೊಂದೆ ಎಂದು ವಾಲಿ ಕೇಳುತ್ತಾನೆ. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡ ಅಧರ್ಮಕ್ಕೆ ಇದು ಶಿಕ್ಷೆ ಎನ್ನುತ್ತಾನೆ ರಾಮ. ಜೊತೆಗೆ, ನೀನು ಮರದ ಮೇಲಿನ ಮೃಗ, ಬೇಟೆಗಾರ ಮರೆಯಲ್ಲಿ ನಿಂತು ಹೊಡೆದರೆ ತಪ್ಪಿಲ್ಲ ಎಂದೂ ಸೇರಿಸುತ್ತಾನೆ. ಜಾಣ ಅರ್ಥಧಾರಿಗೆ ಇಷ್ಟು ಸಾಕು. ನಾನು ಮೃಗವಾದರೆ ನನಗೆ ಯಾವ ಸ್ಮೃತಿಯ ಶಿಕ್ಷೆ? ಶಿಕ್ಷೆಗೆ ಅರ್ಹನಾದ ಧರ್ಮಬದ್ಧನಾದರೆ ಮರದ ಮರೆ ಯಾಕೆ? ಎರಡರಲ್ಲಿ ಒಂದನ್ನು ಹೇಳು! ಕೂತಲ್ಲೇ ಕೂತಿರುವ ಮನುಷ್ಯ ಆ ಹೊತ್ತಿಗೆ ಪೂರ್ತಿ ವಾನರ.

ಇದಕ್ಕೆ ಎದುರಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಪುಸ್ತಕದ ‘ರಾಕ್ಷಸ’ನನ್ನು ನೋಡಬೇಕು. ಹುಲಿಯ ತಲೆ, ಬಾಯಲ್ಲಿ ಹೊಗೆಸೊಪ್ಪಿನ ಪೈಪು, ಜಾತಿಗೆ ಜಾತಿಯೇ ದುಷ್ಟ. ಚಿತ್ರವೇನೋ ಚೆನ್ನಾಗಿದೆ, ಆದರೆ ಅಲ್ಲಿ ವಿಭೀಷಣನಿಗೆ ಜಾಗವಿಲ್ಲ, ಹಿಡಿಂಬೆಗೂ ಇಲ್ಲ. ಭೀಮನನ್ನು ಮೆಚ್ಚಿ, ಅಣ್ಣನ ಮಾತು ಮೀರಿದ ರಾಕ್ಷಸಿ ಅವಳು. ರಾಕ್ಷಸಕುಲ ಅವಳ ಹಿಂದೆ ನಿಂತಿದೆ ಎಂಬುದರಿಂದಲೇ ಆ ಮೀರುವಿಕೆಗೆ ತೂಕ. ಕುಲ ಹೇಳಿದಂತೆ ನಡೆಯುವ ಪಾತ್ರವನ್ನು ನಾಲ್ಕು ವಾರ ಆಡಿದರೆ ಐದನೆಯ ವಾರ ಆಟಗಾರನಿಗೇ ಬೇಸರ ಬರುತ್ತದೆ.

ಹಾಗಾಗಿ ಮೇಜಿಗೆ ಕೂರುವ ಮುನ್ನ ಅರ್ಥಧಾರಿಯಂತೆ ಎರಡು ಪ್ರಶ್ನೆ ಹಾಕಿಕೊಳ್ಳಬಹುದು: ಎದುರು ಕೂತವರು ನನ್ನ ಕುಲದ ಬಗ್ಗೆ ಏನೆಂದುಕೊಂಡಿದ್ದಾರೆ? ಅದರಲ್ಲಿ ಯಾವುದನ್ನು ನಾನು ಒಪ್ಪುವುದಿಲ್ಲ? ದನಿ ಬದಲಿಸುವ ಆಸೆಯಿದ್ದರೆ ಬದಲಿಸಿ; ಆದರೆ ಮೂರು ತಾಸು ಗಂಟಲು ತಾಳುವಷ್ಟು ಮಾತ್ರ.