ಸೋತ ಮೀನು ಎಲ್ಲಿಗೆ ಹೋಗಬೇಕು?

ಹವಳದ ದಿಬ್ಬದಲ್ಲಿ ಜಗಳವಾಡಿ ಸೋತ ಮೀನು ಬಾಲ ಬೀಸಿ ಹತ್ತಿಪ್ಪತ್ತು ಅಡಿ ಆಚೆ ಹೋಗಿಬಿಡುತ್ತದೆ. ಜಗಳ ಅಲ್ಲಿಗೆ ಮುಗಿಯಿತು. ಮೂರಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಅಷ್ಟು ಜಾಗವೇ ಇಲ್ಲ. ಸೋತದ್ದು ಗೆದ್ದದ್ದರ ಕಣ್ಣೆದುರಲ್ಲೇ ಬಾಳಬೇಕು. ಹಗಲೆಲ್ಲ ಏಟು ತಿಂದು, ಮೂಲೆ ಹಿಡಿದು, ಮೇವು ಬಿಟ್ಟು, ಕೆಲವೇ ದಿನಗಳಲ್ಲಿ ಸಾಯುತ್ತದೆ. ಉಪ್ಪುನೀರಿನ ಸಣ್ಣ ಅಕ್ವೇರಿಯಂ ಇಡಬೇಕೆನ್ನುವವರು ಬಣ್ಣ, ಬೆಲೆ ನೋಡುವ ಮೊದಲು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಯಾವ ಮೀನು ಯಾವುದರ ಜೊತೆ ಹೊಂದುತ್ತದೆ ಎಂದು ಕೇಳುವುದಕ್ಕಿಂತ, ಪ್ರತಿ ಮೀನಿಗೂ ತನ್ನದೆನ್ನುವ ಜಾಗ ಈ ತೊಟ್ಟಿಯಲ್ಲಿ ಇದೆಯೇ ಎಂದು ಕೇಳಬೇಕು.

ಲಾತೂರು ಜಿಲ್ಲೆಯ ವಲಾಂಡಿ, ನಿಲಂಗಾ, ಉದಗೀರದ ಕಡೆಯಿಂದ ಅರಬ್ಬಿ ಸಮುದ್ರ ಸುಮಾರು ನಾನೂರು ಕಿಲೋಮೀಟರ್ ದೂರ. ಕರಿಮಣ್ಣಿನ ಈ ಸೀಮೆಯ ಮಕ್ಕಳು ಹವಳದ ಮೀನನ್ನು ಮೊದಲು ಕಂಡದ್ದು ‘ಫೈಂಡಿಂಗ್ ನೀಮೊ’ ಸಿನಿಮಾದಲ್ಲೇ ಇರಬಹುದು. ಆದರೂ ಅದು ಕನ್ನಡ ನಾಡಿಗೆ ಪರಕೀಯ ಲೋಕವಲ್ಲ. ಮುರ್ಡೇಶ್ವರದ ಎದುರು ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅಲ್ಲಿ ನೀರಿಗಿಳಿದವರಿಗೆ ಚಿಟ್ಟೆಮೀನು, ಗಿಳಿಮೀನು, ಡ್ಯಾಮ್ಸೆಲ್‌ಗಳು ಕಾಣಸಿಗುತ್ತವೆ. ಸ್ವಲ್ಪ ಹೊತ್ತು ಒಂದೇ ಕಡೆ ನಿಂತು ನೋಡಿದರೆ, ಗೊಂದಲದಂತೆ ಕಾಣುವ ಆ ಓಡಾಟದಲ್ಲಿ ಕೆಲವು ಮೀನುಗಳು ಒಂದು ಬಂಡೆಯನ್ನೋ ಬಿರುಕನ್ನೋ ಬಿಟ್ಟು ದೂರ ಹೋಗುವುದೇ ಇಲ್ಲ ಎಂಬುದು ತಿಳಿಯುತ್ತದೆ.

ಇದನ್ನು ಬಹಳ ಗಮನವಿಟ್ಟು ನೋಡಿದವರು ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆನ್ಜ್. ಪ್ರಾಣಿಗಳ ಜಗಳದ ಬಗ್ಗೆ 1963ರಲ್ಲಿ ಅವರು ಬರೆದ ಪುಸ್ತಕ ಶುರುವಾಗುವುದೇ ಹವಳದ ಮೀನುಗಳಿಂದ. ಕಡಲಲ್ಲೂ ತಮ್ಮ ತೊಟ್ಟಿಯಲ್ಲೂ ಅವರು ಕಂಡದ್ದು ಒಂದೇ: ಕಣ್ಣು ಕುಕ್ಕುವ ಬಣ್ಣದ ಮೀನುಗಳು ಬೇರೆ ಜಾತಿಯವುಗಳಿಗಿಂತ ತಮ್ಮದೇ ಜಾತಿಯ ಮೇಲೆ ಹೆಚ್ಚು ಬೀಳುತ್ತವೆ. ಕಾರಣ ಸರಳ. ಅದೇ ಆಹಾರ, ಅದೇ ಬಿಲ, ಅದೇ ಸಂಗಾತಿ ಬೇಕಾಗಿರುವುದು ತನ್ನಂಥದ್ದಕ್ಕೇ ತಾನೆ? ಆಕಾರ, ಬಣ್ಣ, ಊಟ ಇವುಗಳಲ್ಲಿ ಒಂದಕ್ಕೊಂದು ಹೋಲದ ಮೀನುಗಳನ್ನು ಆರಿಸಬೇಕೆನ್ನುವ ನಿಯಮಕ್ಕೆ ಇದೇ ಬುಡ. ಒಂದೇ ಬಗೆಯ ಎರಡು ಮೀನು ಜೊತೆಗಿದ್ದರೆ ಚೆಂದ ಎಂದು ನಮಗೆ ಅನ್ನಿಸುತ್ತದೆ, ಮೀನಿಗೆ ಹಾಗನ್ನಿಸುವುದಿಲ್ಲ.

ಈ ನಿಯಮಕ್ಕೆ ಕ್ಲೌನ್ ಮೀನು ಹೊರತು. ಅದರ ಸಂಸಾರದ ಕಟ್ಟುಪಾಡು ನನಗೆ ಎಂದೂ ಬೇಸರ ತರಿಸದ ವಿಷಯ. ಮರಿಗಳೆಲ್ಲ ಮೊದಲು ಬೆಳೆಯುವುದು ಗಂಡಾಗಬಲ್ಲ ಮೀನುಗಳಾಗಿಯೇ. ಅವು ಆಶ್ರಯ ಪಡೆಯುವ ಅನಿಮೋನ್ ಎಂಬ ಕಡಲಜೀವಿಯೊಂದರಲ್ಲಿ ಐದಾರು ಇದ್ದರೆ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಅದರ ಗಂಡು, ಉಳಿದವು ಸಂತಾನವಿಲ್ಲದೆ ಸರದಿಯಲ್ಲಿ ಕಾಯುತ್ತವೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಟ್ಟು, ಮೂರನೆಯದು ಗಂಡಿನ ಸ್ಥಾನಕ್ಕೆ ಏರುತ್ತದೆ. ಪಪುವಾ ನ್ಯೂಗಿನಿಯ ಕಡಲಲ್ಲಿ ಅಧ್ಯಯನ ನಡೆಸಿದ ಪೀಟರ್ ಬಸ್ಟನ್ 2003ರಲ್ಲಿ ಇನ್ನೊಂದು ಅಚ್ಚರಿಯನ್ನು ಪ್ರಕಟಿಸಿದರು. ಕೆಳಗಿನ ಸ್ಥಾನದ ಮೀನು ಮೇಲಿನದಕ್ಕೆ ಪೋಟಿಯಾಗದಂತೆ ತನ್ನ ಬೆಳವಣಿಗೆಯನ್ನೇ ತಡೆದುಕೊಳ್ಳುತ್ತದೆ. ಮೇಲಿನವರ ಸರಿಸಮ ಬೆಳೆದರೆ ಹೊರದಬ್ಬಿಸಿಕೊಳ್ಳಬೇಕಾಗುತ್ತದೆ; ಅನಿಮೋನ್ ಬಿಟ್ಟು ಹೊರಬಿದ್ದ ಕ್ಲೌನ್ ಮೀನಿಗೆ ಬದುಕುವ ದಾರಿ ಬಹಳ ಕಡಿಮೆ.

ಹಾಗಾಗಿ ಕ್ಲೌನ್ ಮೀನನ್ನು ಎರಡೇ ತರಬೇಕು, ಒಂದು ದೊಡ್ಡದು, ಇನ್ನೊಂದು ಸಣ್ಣದು. ಯಾರು ಹೆಣ್ಣೆಂದು ಅವೇ ತೀರ್ಮಾನಿಸಿಕೊಳ್ಳುತ್ತವೆ. ಮೂರನೆಯದನ್ನು ತಂದರೆ ಜೋಡಿಯಾದ ಎರಡೂ ಸೇರಿ ಅದನ್ನು ಬಡಿಯುತ್ತವೆ. ಅನಿಮೋನ್ ಬೇಕೇ ಬೇಕೆಂದೇನೂ ಇಲ್ಲ. ತೊಟ್ಟಿಯಲ್ಲಿ ತಿನ್ನಲು ಬರುವ ಶತ್ರು ಇಲ್ಲದಿರುವಾಗ ಕ್ಲೌನ್ ಮೀನು ಅದಿಲ್ಲದೆಯೂ ಸುಖವಾಗಿರುತ್ತದೆ. ಪ್ರಖರ ಬೆಳಕು ಬೇಡುವ, ಜಾಗ ಬದಲಿಸುತ್ತ ಹೋಗಿ ಪಂಪಿಗೆ ಸಿಕ್ಕಿ ಸಾಯುವ ಅನಿಮೋನನ್ನು ಹೊಸ ತೊಟ್ಟಿಗೆ ತರದಿರುವುದೇ ಅದಕ್ಕೆ ನಾವು ಮಾಡುವ ಉಪಕಾರ.

ಇನ್ನು ಉಳಿದ ಜಾಗ. ನೂರಿಪ್ಪತ್ತು ಲೀಟರಿನ ತೊಟ್ಟಿಯನ್ನು ತಳ, ಬಂಡೆ, ಮೇಲಿನ ನೀರು ಎಂದು ಮೂರು ಅಂತಸ್ತಿನ ಮನೆಯಂತೆ ನೋಡಬಹುದು. ಬಂಡೆ ಕ್ಲೌನ್ ಜೋಡಿಗೆ. ತಳದ ಮರಳಿಗೆ ಒಂದು ಗೋಬಿ ಮೀನು. ಸಿಕ್ಕರೆ ಅದರ ಜೊತೆ ಪಿಸ್ತೂಲು ಸಿಗಡಿ ಬಿಡಬೇಕು. ಕಣ್ಣು ಸರಿಯಾಗಿ ಕಾಣದ ಸಿಗಡಿ ಬಿಲ ತೋಡುತ್ತದೆ. ಮೀಸೆಯೊಂದನ್ನು ಬಾಗಿಲಲ್ಲಿ ನಿಂತ ಗೋಬಿಯ ಮೈಗೆ ತಾಗಿಸಿಟ್ಟಿರುತ್ತದೆ. ಅಪಾಯ ಕಂಡ ಗೋಬಿ ಬಾಲ ಅದುರಿಸಿದೊಡನೆ ಎರಡೂ ಒಳಗೆ. ಮೇಲಿನ ನೀರಿಗೆ ಒಂದು ಬಂಗಾಯ್ ಕಾರ್ಡಿನಲ್ ಸಾಕು. ಇಂಡೋನೇಷ್ಯದ ಸಣ್ಣ ದ್ವೀಪಸಮೂಹವೊಂದಕ್ಕೆ ಮಾತ್ರ ಸೇರಿದ ಈ ಮೀನನ್ನು ವಿಪರೀತ ಹಿಡಿದ ಪರಿಣಾಮ ಅದೀಗ ಅಳಿವಿನಂಚಿನ ಪಟ್ಟಿಯಲ್ಲಿದೆ. ತೊಟ್ಟಿಯಲ್ಲೇ ಹುಟ್ಟಿದ್ದು ಸಿಕ್ಕರೆ ಮಾತ್ರ ಕೊಳ್ಳಿ. ಒಟ್ಟು ನಾಲ್ಕು ಮೀನು. ಐದನೆಯದರ ಆಸೆ ಬೇಡ.

ಅಂಗಡಿಯಲ್ಲಿ ಮನಸ್ಸು ಸೆಳೆಯುವ ಕೆಲವನ್ನು ಬಿಟ್ಟು ಬರಲೇಬೇಕು. ನೀಲಿ ಟ್ಯಾಂಗ್ ಒಂದಡಿ ಬೆಳೆದು ದೂರದೂರ ಈಜಲು ಬಯಸುತ್ತದೆ. ಹಲವು ಜಾತಿಯ ಚಿಟ್ಟೆಮೀನುಗಳಿಗೆ ಹವಳವೇ ಊಟ. ಮ್ಯಾಂಡರಿನ್ ಮೀನಿಗೆ ಬಂಡೆ ಮೇಲಿನ ಜೀವಂತ ಸೂಕ್ಷ್ಮ ಹುಳಗಳೇ ಬೇಕು, ಹೊಸ ತೊಟ್ಟಿಯಲ್ಲಿ ಅದು ಹಸಿವಿನಿಂದ ಸಾಯುತ್ತದೆ. ಕರಿಮೈ ಮೇಲೆ ಬಿಳಿ ಚುಕ್ಕೆಯ ಡಾಮಿನೊ ಡ್ಯಾಮ್ಸೆಲ್ ಮರಿಯಾಗಿದ್ದಾಗ ಮುದ್ದು, ಅಗ್ಗ ಕೂಡ. ಬಲಿತ ಮೇಲೆ ತೊಟ್ಟಿಯನ್ನೆಲ್ಲ ತನ್ನದೆಂದು ಆಳುತ್ತದೆ. ಬಿಡುವ ಕ್ರಮದಲ್ಲೂ ಇದೇ ಎಚ್ಚರಿಕೆ ಇರಲಿ. ಮೆತ್ತನೆಯ ಗೋಬಿ, ಕಾರ್ಡಿನಲ್‌ ಮೊದಲು, ಕ್ಲೌನ್ ಜೋಡಿ ಕೊನೆಗೆ. ಮೊದಲು ಬಂದದ್ದು ಜಾಗ ಹಿಡಿದಿರುತ್ತದೆ.

ನಾಲ್ಕೇ ಸಾಕು ಎನ್ನಲು ನೀರೂ ಕಾರಣ. ಸಮುದ್ರದ ನೀರಿನ ಪಿಎಚ್ ಸುಮಾರು 8.1. ಅಷ್ಟು ಕ್ಷಾರದಲ್ಲಿ ಮೀನಿನ ಹೊಲಸಿನಿಂದ ಬರುವ ಅಮೋನಿಯ ಸಿಹಿನೀರಿಗಿಂತ ಹಲವು ಪಟ್ಟು ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯ ಬಂಡೆ, ಮರಳಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡಬಾರದು. ಆಮ್ಲಜನಕವೂ ಕಡಿಮೆ. 25 ಡಿಗ್ರಿಯಲ್ಲಿ ಲೀಟರು ಸಿಹಿನೀರು ಸುಮಾರು 8 ಮಿಲಿಗ್ರಾಂ ಹಿಡಿದಿಟ್ಟರೆ ಕಡಲನೀರು 7ಕ್ಕೂ ಕಡಿಮೆ, ಬಿಸಿಯೇರಿದಷ್ಟೂ ಇನ್ನೂ ಕಡಿಮೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಕರೆಂಟು ಹೋದರೆ ಇದರ ಅರ್ಥ ತಿಳಿಯುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಮೀನಿಗಿಂತ ಮೊದಲು ಮನೆಗೆ ಬರಬೇಕು.

ಆದರೆ ಈ ಒಣಹವೆಯಿಂದ ಒಂದು ಅನುಕೂಲವೂ ಇದೆ. ನೀರಿನ ಮೇಲೆ ಸಣ್ಣ ಫ್ಯಾನು ಹಾಯಿಸಿದರೆ ಆವಿಯಾಗುವಿಕೆಯಿಂದಲೇ ಎರಡು ಮೂರು ಡಿಗ್ರಿ ತಣಿಯುತ್ತದೆ. ಹಸಿಗಾಳಿಯ ಮಂಗಳೂರಿನಲ್ಲಿ ಅದು ಇಷ್ಟು ಕೆಲಸ ಮಾಡದು. ಆರಿಹೋಗುವುದು ನೀರು ಮಾತ್ರ, ಉಪ್ಪು ಉಳಿದು ಗಟ್ಟಿಯಾಗುತ್ತದೆ. ಆದ್ದರಿಂದ ದಿನವೂ ಉಪ್ಪಿಲ್ಲದ ಆರ್‌ಒ ನೀರನ್ನೇ ತುಂಬಬೇಕು. ಗಡಸು ಬೋರ್‌ನೀರು ಇದಕ್ಕೆ ಸಲ್ಲದು. 2016ರಲ್ಲಿ ಮಿರಜ್‌ನಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದನ್ನು ಕಂಡ ಸೀಮೆ ಇದು. ಆರ್‌ಒ ಯಂತ್ರ ಹೊರಬಿಡುವ ನೀರನ್ನು ನೆಲ ಒರೆಸಲು ಹಿಡಿದಿಟ್ಟುಕೊಳ್ಳುವ ಮನಸ್ಸಿಲ್ಲದವರು ಈ ಹವ್ಯಾಸಕ್ಕೆ ಕೈಹಾಕಬಾರದೆಂದೇ ನನ್ನ ಅಭಿಪ್ರಾಯ.

ಕಡಲಿನಿಂದ ಹವಳ ಕಿತ್ತು ತರುವುದು ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆ 2001ರಿಂದ ಹವಳಕ್ಕೆ ರಕ್ಷಣೆ ಕೊಟ್ಟಿದೆ. ತೊಟ್ಟಿಗೆ ಸಿಮೆಂಟು, ಸಿರಾಮಿಕ್ಕಿನ ಬಂಡೆ ಸಾಲುತ್ತದೆ, ಬ್ಯಾಕ್ಟೀರಿಯ ಅದರಲ್ಲೂ ನೆಲೆಸುತ್ತದೆ. ಕ್ಲೌನ್ ಮೀನನ್ನೂ ಕಡಲಿನಿಂದ ಹಿಡಿದು ತರಬೇಕಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವಿಳಿಞ್ಞಂ, ಮಂಡಪಂಗಳಲ್ಲಿ ಇದರ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ತೊಟ್ಟಿಯಲ್ಲಿ ಹುಟ್ಟಿದ ಮೀನು ಒಣಮೇವಿಗೆ ಮೊದಲೇ ಒಗ್ಗಿರುತ್ತದೆ. ಕೊಳ್ಳುವ ಮುನ್ನ ಎಲ್ಲಿಯ ಮರಿಯೆಂದು ಕೇಳಿ, ನಿಮ್ಮೆದುರೇ ಒಂದು ಚಿಟಿಕೆ ಮೇವು ಹಾಕಿಸಿ. ತಿನ್ನದೆ ಮುಖ ತಿರುಗಿಸುವ ಮೀನು ಎಷ್ಟೇ ಚೆಂದವಿದ್ದರೂ ಅಲ್ಲೇ ಬಿಟ್ಟು ಬನ್ನಿ.